ನಡೆದಾಗ ಉಸಿರು ಒಳಗೆ ಇಳಿಯುತ್ತಿಲ್ಲ ಎನಿಸುವುದೇಕೆ?

ಪ್ರಶ್ನೆ: ನನಗೆ 63 ವರ್ಷ. ಗದಗ-ಬೆಟಗೇರಿಯವನು. ಹತ್ತಿ ಜಿನ್ನಿಂಗ್ ಕಾರ್ಖಾನೆಯಲ್ಲಿ ತೂಕದ ಗುಮಾಸ್ತನಾಗಿದ್ದು ನಿವೃತ್ತನಾಗಿದ್ದೇನೆ. ಬಹಳ ವರ್ಷ ಬೀಡಿ ಸೇದಿ, ನಾಲ್ಕು ವರ್ಷದ ಹಿಂದೆ ಬಿಟ್ಟೆ. ಊದಿಸುವ ಪರೀಕ್ಷೆ ಮಾಡಿ ಸಿಒಪಿಡಿ (ಶ್ವಾಸನಾಳಗಳು ಕಿರಿದಾಗುವ ದೀರ್ಘಕಾಲದ ಕಾಯಿಲೆ) ಎಂದಿದ್ದಾರೆ, ಮೊದಲ ಸೆಕೆಂಡಿನಲ್ಲಿ ಊದುವ ಗಾಳಿ ಇರಬೇಕಾದುದರ ಶೇ. 44 ಎಂದು ವರದಿಯಲ್ಲಿದೆ. ಕುಳಿತಾಗ ಏನೂ ತೊಂದರೆ ಇಲ್ಲ, ಬೆರಳಿಗೆ ಹಾಕುವ ಆಕ್ಸಿಜನ್ ಮೀಟರು ಶೇ. 95 ತೋರಿಸುತ್ತದೆ. ಭೀಷ್ಮ ಕೆರೆಯ ದಂಡೆಯಲ್ಲಿ ಸ್ವಲ್ಪ ಬಿರುಸಾಗಿ ನಡೆದರೆ ತೇಕು ಹತ್ತುತ್ತದೆ. ಎಷ್ಟು ಜಗ್ಗಿ ಎಳೆದುಕೊಂಡರೂ ಉಸಿರು ಒಳಗೆ ಇಳಿಯುವುದಿಲ್ಲ. ಆಗ ಮೀಟರಿನಲ್ಲಿ 89 ಅಥವಾ 90 ಇರುತ್ತದೆ. ಸ್ನಾನ ಮಾಡುವಾಗಂತೂ ನಡಿಗೆಗಿಂತ ಹೆಚ್ಚು ದಣಿಯುತ್ತೇನೆ. ಡಾಕ್ಟರು ದಿನಾಲು ನಡೆಯಿರಿ ಎನ್ನುತ್ತಾರೆ, ಮನೆಯವರು ಸುಮ್ಮನೆ ಕೂಡ್ರಿ ಎನ್ನುತ್ತಾರೆ. ನೆರೆಯವರೊಬ್ಬರು ಕಪಾಲಭಾತಿ ಮಾಡಲು, ಬಲೂನು ಊದಲು ಹೇಳಿದ್ದಾರೆ. ಪಂಪು (ಇನ್ಹೇಲರ್) ಹೆಚ್ಚು ಬಳಸಿದರೆ ಚಟವಾಗುತ್ತದೆ ಎಂದೂ ಹೇಳುತ್ತಾರೆ. ಮಗ ಆಕ್ಸಿಜನ್ ಯಂತ್ರ ತರಿಸುತ್ತೇನೆ ಎನ್ನುತ್ತಿದ್ದಾನೆ. ತೇಕು ಹತ್ತುವವರೆಗೆ ನಡೆದರೆ ಉಳಿದಿರುವ ಶ್ವಾಸಕೋಶವೂ ಸವೆಯುವುದಿಲ್ಲವೇ?

ಉತ್ತರ: ನಿಮ್ಮನ್ನು ಹೆಚ್ಚು ಕಾಡುತ್ತಿರುವುದು ಕೊನೆಯ ಸಾಲಿನ ಪ್ರಶ್ನೆ ಎಂದು ನನಗೆ ತೋರುತ್ತದೆ, ಆದ್ದರಿಂದ ಅದಕ್ಕೆ ಮೊದಲು ಉತ್ತರಿಸುತ್ತೇನೆ. ಸವೆಯುವುದಿಲ್ಲ. ಹೃದಯದ ತಪಾಸಣೆ ಆಗಿದ್ದು, ಕಾಯಿಲೆ ಉಲ್ಬಣಿಸದೆ ಸ್ಥಿರವಾಗಿರುವ ಸಿಒಪಿಡಿ ರೋಗಿಯು ಅಳತೆಯಲ್ಲಿ ನಡೆದು ಏದುಸಿರು ಬಿಟ್ಟರೆ ಅದರಿಂದ ಶ್ವಾಸಕೋಶಕ್ಕೆ ಗಾಯವಾಗುವುದಿಲ್ಲ, ರೋಗ ಬೇಗ ಮುಂದುವರಿಯುವುದೂ ಇಲ್ಲ. ಶ್ವಾಸಕೋಶವನ್ನು ಕೆಡಿಸುವುದು ಹೊಗೆ, ದೂಳು ಮತ್ತು ಪದೇಪದೇ ಬರುವ ಎದೆಯ ಸೋಂಕು. ನೀವು ಬೀಡಿ ಬಿಟ್ಟಿದ್ದೀರಿ. ಈ ಕಾಯಿಲೆಯಲ್ಲಿ ಅದಕ್ಕಿಂತ ದೊಡ್ಡ ಚಿಕಿತ್ಸೆ ನಮ್ಮ ಬಳಿ ಯಾವುದೂ ಇಲ್ಲ.

ಇನ್ನು ‘ಉಸಿರು ಒಳಗೆ ಇಳಿಯುವುದಿಲ್ಲ’ ಎಂಬ ನಿಮ್ಮ ಮಾತು. ಅದು ಭ್ರಮೆಯಲ್ಲ, ಹೆದರಿಕೆಯಿಂದ ಹುಟ್ಟಿದ್ದೂ ಅಲ್ಲ. ಆದರೆ ಅದರ ಕಾರಣ ಎದುರು ದಿಕ್ಕಿನಲ್ಲಿದೆ: ಹಳೆಯ ಗಾಳಿ ಹೊರಗೆ ಹೋಗಿಲ್ಲದ್ದರಿಂದ ಹೊಸ ಗಾಳಿಗೆ ಒಳಗೆ ಜಾಗವಿಲ್ಲ. ಹೀಗೇಕೆ ಆಗುತ್ತದೆ ಎಂಬುದು ತಿಳಿದರೆ ನಡೆಯುವಾಗ, ಸ್ನಾನ ಮಾಡುವಾಗ, ಮೆಟ್ಟಿಲು ಹತ್ತುವಾಗ ಏನು ಮಾಡಬೇಕೆಂಬುದು ನಿಮಗೇ ಹೊಳೆಯುತ್ತದೆ. ಆದ್ದರಿಂದ ಅದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಉಸಿರು ಎಳೆದುಕೊಳ್ಳಲು ಸ್ನಾಯುಗಳು ದುಡಿಯಬೇಕು. ಬಿಡುವಾಗ, ನಾವು ಸುಮ್ಮನೆ ಕುಳಿತಿದ್ದರೆ, ಹಿಗ್ಗಿದ ಶ್ವಾಸಕೋಶವು ತನ್ನ ಸ್ಥಿತಿಸ್ಥಾಪಕ ಗುಣದಿಂದ ತಾನೇ ಕುಗ್ಗಿ ಗಾಳಿಯನ್ನು ಹೊರದೂಡುತ್ತದೆ. ವರ್ಷಗಟ್ಟಲೆ ಹೊಗೆ ಕುಡಿದ ಶ್ವಾಸಕೋಶದಲ್ಲಿ ಈ ಕುಗ್ಗುವ ಗುಣ ಕಡಿಮೆಯಾಗಿರುತ್ತದೆ. ಇನ್ನೊಂದು ಸಂಗತಿಯೂ ಇದೆ. ಒಂದೆರಡು ಮಿಲಿಮೀಟರು ಅಗಲದ ಅತಿ ಚಿಕ್ಕ ಶ್ವಾಸನಾಳಗಳಿಗೆ ತಮ್ಮದೇ ಆದ ಗಟ್ಟಿ ಗೋಡೆ ಇರುವುದಿಲ್ಲ. ಡೇರೆಯನ್ನು ಸುತ್ತಲಿನ ಹಗ್ಗಗಳು ಬಿಗಿದು ನಿಲ್ಲಿಸುವ ಹಾಗೆ, ಸುತ್ತ ಇರುವ ಗಾಳಿಗೂಡುಗಳ ಗೋಡೆಗಳು ಈ ನಾಳಗಳನ್ನು ಎಲ್ಲ ಕಡೆಯಿಂದ ಜಗ್ಗಿ ತೆರೆದಿಟ್ಟಿರುತ್ತವೆ. ಆ ಗೋಡೆಗಳು ಹರಿದುಹೋದಾಗ ನಾಳಗಳು ಸಡಿಲಗೊಂಡು, ಉಸಿರು ಬಿಡುವಾಗ ಮಡಚಿಕೊಳ್ಳುತ್ತವೆ. ಇಲ್ಲಿ ಗಮನಿಸಬೇಕಾದದ್ದು ಏನೆಂದರೆ, ನೀವು ಹೆಚ್ಚು ಒತ್ತಿ ಊದಿದಷ್ಟೂ ಎದೆಯೊಳಗಿನ ಒತ್ತಡ ಆ ನಾಳಗಳನ್ನು ಹೊರಗಿನಿಂದ ಅಮುಕುತ್ತದೆ. ಬಲ ಹಾಕಿದರೂ ಗಾಳಿ ಬೇಗ ಹೋಗುವುದಿಲ್ಲ. ಅದು ಹೊರಗೆ ಹೋಗಲು ಹೊತ್ತು ಬೇಕು.

ನಡೆಯುವಾಗ ಇಲ್ಲದಿರುವುದು ಆ ಹೊತ್ತೇ. ಕುಳಿತಿದ್ದಾಗ ನಿಮಿಷಕ್ಕೆ 15 ಸಲ ಉಸಿರಾಡುತ್ತೀರಿ ಎಂದಿಟ್ಟುಕೊಳ್ಳೋಣ. ಒಂದು ಉಸಿರಿಗೆ ನಾಲ್ಕು ಸೆಕೆಂಡು, ಅದರಲ್ಲಿ ಬಿಡುವುದಕ್ಕೆ ಸುಮಾರು ಎರಡೂವರೆ ಸೆಕೆಂಡು ಸಿಗುತ್ತದೆ. ಬಿರುಸಾಗಿ ನಡೆದಾಗ ಉಸಿರಾಟ ನಿಮಿಷಕ್ಕೆ 30ಕ್ಕೆ ಏರಿದರೆ ಇಡೀ ಉಸಿರಿಗೆ ಎರಡೇ ಸೆಕೆಂಡು, ಬಿಡುವುದಕ್ಕೆ ಒಂದು ಸೆಕೆಂಡಿಗಿಂತ ತುಸು ಹೆಚ್ಚು. ಆರೋಗ್ಯವಂತರಿಗೆ ಅಷ್ಟು ಸಾಕಾಗುತ್ತದೆ. ನಿಮ್ಮ ಎದೆ ಖಾಲಿಯಾಗುವ ಮೊದಲೇ ಮುಂದಿನ ಉಸಿರು ಬಂದುಬಿಡುತ್ತದೆ. ಪ್ರತಿ ಉಸಿರಿನಲ್ಲೂ ಸ್ವಲ್ಪ ಸ್ವಲ್ಪ ಗಾಳಿ ಒಳಗೇ ಉಳಿದು, ಕೆಲವೇ ನಿಮಿಷಗಳ ನಡಿಗೆಯಲ್ಲಿ 300ರಿಂದ 500 ಮಿಲಿಲೀಟರಿನಷ್ಟು ಹೆಚ್ಚುವರಿ ಗಾಳಿ ಎದೆಯಲ್ಲಿ ಸೇರಿಕೊಳ್ಳಬಹುದು. ನಾವು ಕುಳಿತಾಗ ಒಂದು ಉಸಿರಿನಲ್ಲಿ ಎಳೆದುಕೊಳ್ಳುವುದೇ ಸುಮಾರು ಅರ್ಧ ಲೀಟರು ಎಂಬುದನ್ನು ನೆನೆದರೆ ಇದು ಎಷ್ಟು ದೊಡ್ಡ ಹೊರೆ ಎಂದು ಅರ್ಥವಾಗುತ್ತದೆ.

ಇದು ಹೇಗಿರುತ್ತದೆ ಎಂದು ಮನೆಯವರಿಗೆ ಮಾತಿನಲ್ಲಿ ತಿಳಿಸುವುದು ಕಷ್ಟ. ಆರೋಗ್ಯವಾಗಿರುವ ನಿಮ್ಮ ಮಗನಿಗೆ ಹೀಗೆ ಮಾಡಲು ಹೇಳಿ: ಎದೆ ತುಂಬ ಗಾಳಿ ಎಳೆದುಕೊಂಡು, ಅದರಲ್ಲಿ ಸ್ವಲ್ಪವೇ ಸ್ವಲ್ಪ ಹೊರಬಿಟ್ಟು, ತುಂಬಿದ ಎದೆಯ ಮೇಲೆಯೇ ಮತ್ತೆ ಎಳೆದುಕೊಂಡು, ಹೀಗೆ ನಾಲ್ಕೈದು ಉಸಿರು ಆಡಲಿ. ಅಷ್ಟರಲ್ಲೇ ಭುಜಗಳು ಮೇಲೇರಿ, ಕತ್ತಿನ ನರಗಳು ಉಬ್ಬಿ, ಸಾಕು ಸಾಕು ಎನಿಸುತ್ತದೆ. ಆಸ್ಪತ್ರೆಗೆ ಬರುವ ಸಂಬಂಧಿಕರಿಗೆ ನಾನು ಇದನ್ನು ಮಾಡಿಸುತ್ತೇನೆ. ಆಮೇಲೆ ಅವರು ರೋಗಿಗೆ ‘ಜೋರಾಗಿ ಉಸಿರು ಎಳಕೋ’ ಎಂದು ಹೇಳುವುದನ್ನು ಬಿಡುತ್ತಾರೆ.

ಎದೆಯಲ್ಲಿ ಗಾಳಿ ತುಂಬಿದಾಗ ವಪೆಗೂ ತೊಂದರೆಯಾಗುತ್ತದೆ. ವಪೆ ಎಂದರೆ ಎದೆಗೂ ಹೊಟ್ಟೆಗೂ ನಡುವೆ ಕಮಾನಿನ ಆಕಾರದಲ್ಲಿರುವ, ಉಸಿರಾಟದ ಮುಖ್ಯ ಸ್ನಾಯು. ಅದು ಕಮಾನಾಗಿದ್ದರೆ ಮಾತ್ರ ಕೆಳಗಿಳಿದು ಗಾಳಿಯನ್ನು ಒಳಗೆಳೆಯಬಲ್ಲದು. ಮೇಲಿಂದ ಒತ್ತಡ ಬಿದ್ದು ಚಪ್ಪಟೆಯಾದಾಗ ಅದಕ್ಕೆ ಇಳಿಯಲು ಜಾಗವಿರುವುದಿಲ್ಲ, ಬಲವೂ ಕುಂದುತ್ತದೆ. ಆಗ ಕತ್ತು, ಭುಜ, ಪಕ್ಕೆಲುಬುಗಳ ಸ್ನಾಯುಗಳು ಆ ಕೆಲಸಕ್ಕೆ ಇಳಿಯುತ್ತವೆ ಮತ್ತು ಬೇಗನೆ ದಣಿಯುತ್ತವೆ. ಮಿದುಳು ಜೋರಾಗಿ ಉಸಿರಾಡು ಎಂದು ಆಜ್ಞೆ ಕೊಡುತ್ತಲೇ ಇರುತ್ತದೆ, ಎದೆ ಅದಕ್ಕೆ ತಕ್ಕಷ್ಟು ಹಿಗ್ಗಲಾರದು. ಆಜ್ಞೆಗೂ ಕೆಲಸಕ್ಕೂ ನಡುವಿನ ಈ ಅಂತರವೇ ತೇಕಿನ ಸಂಕಟ. ಮೀಟರಿನಲ್ಲಿ ಆಮ್ಲಜನಕ ಚೆನ್ನಾಗಿದ್ದರೂ ಒಬ್ಬರಿಗೆ ವಿಪರೀತ ತೇಕು ಇರುವುದು, 88ಕ್ಕೆ ಇಳಿದರೂ ಇನ್ನೊಬ್ಬರು ಆರಾಮಾಗಿ ಮಾತಾಡುವುದು ಇದರಿಂದಲೇ. ತೇಕು ಮತ್ತು ಆಮ್ಲಜನಕದ ಅಂಕಿ ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು.

ಈಗ ಮನೆಯವರ ಸಲಹೆಗೆ ಬರೋಣ. ‘ಸುಮ್ಮನೆ ಕೂಡ್ರಿ’ ಎನ್ನುವುದರ ಹಿಂದೆ ಅಕ್ಕರೆ ಇದೆ, ಆದರೆ ಅದರ ಪರಿಣಾಮ ಒಳ್ಳೆಯದಲ್ಲ. ತೇಕಿಗೆ ಹೆದರಿ ಕುಳಿತವರ ತೊಡೆಯ ಸ್ನಾಯುಗಳು ತಿಂಗಳುಗಳಲ್ಲಿ ಸೊರಗುತ್ತವೆ. ಸೊರಗಿದ ಸ್ನಾಯು ಸಣ್ಣ ಕೆಲಸಕ್ಕೂ ಬೇಗನೆ ಲ್ಯಾಕ್ಟಿಕ್ ಆಮ್ಲವನ್ನು ಉತ್ಪಾದಿಸುತ್ತದೆ. ಆ ಆಮ್ಲವನ್ನು ಸರಿದೂಗಿಸಲು ದೇಹವು ಹೆಚ್ಚು ಇಂಗಾಲದ ಡೈಆಕ್ಸೈಡನ್ನು ಹೊರಹಾಕಬೇಕಾಗುತ್ತದೆ, ಅಂದರೆ ಇನ್ನೂ ಬೇಗ ಬೇಗ ಉಸಿರಾಡಬೇಕಾಗುತ್ತದೆ. ಬೇಗ ಉಸಿರಾಡಿದಷ್ಟೂ ಬಿಡುವ ಹೊತ್ತು ಕಡಿಮೆಯಾಗಿ ಎದೆಯಲ್ಲಿ ಗಾಳಿ ಸೇರುತ್ತದೆ ಎಂಬುದನ್ನು ಆಗಲೇ ನೋಡಿದೆವು. ನಡಿಗೆ ಇದನ್ನು ಹಿಂದಕ್ಕೆ ತಿರುಗಿಸುತ್ತದೆ. ಕಾಲು ಗಟ್ಟಿಯಾದರೆ ಅದೇ ದೂರವನ್ನು ಕಡಿಮೆ ಉಸಿರಿನಲ್ಲಿ ಕ್ರಮಿಸಬಹುದು, ಪ್ರತಿ ಉಸಿರಿಗೂ ಹೊರಹೋಗಲು ಹೆಚ್ಚು ಹೊತ್ತು ಸಿಗುತ್ತದೆ. ಹೀಗಾಗಿ ಊದಿಸುವ ಪರೀಕ್ಷೆಯ ಶೇ. 44 ಹಾಗೆಯೇ ಉಳಿದರೂ ನಿಮ್ಮ ತೇಕು ಕಡಿಮೆಯಾಗುತ್ತದೆ. ಆರೆಂಟು ವಾರ ನಡೆದ ಮೇಲೂ ವರದಿಯ ಅಂಕಿ ಬದಲಾಗಲಿಲ್ಲವೆಂದು ನಿರಾಶರಾಗಿ ಬಿಟ್ಟುಬಿಡುವವರನ್ನು ನಾನು ಬಹಳ ನೋಡಿದ್ದೇನೆ. ಅವರಿಗೆ ಹೇಳುವುದಿಷ್ಟೇ: ಆ ಅಂಕಿ ಬದಲಾಗುತ್ತದೆಂದು ಯಾರೂ ಮಾತು ಕೊಟ್ಟಿರಲಿಲ್ಲ, ಕೆರೆಯ ದಂಡೆಯಲ್ಲಿ ಎಷ್ಟು ದೂರ ಹೋಗಿ ಬಂದಿರಿ ಎಂಬುದನ್ನು ನೋಡಿರಿ.

ಪ್ರಾರಂಭಿಸುವ ಮೊದಲು ಒಂದು ಇಸಿಜಿ, ವೈದ್ಯರು ಹೇಳಿದರೆ ಎಕೋ, ಮತ್ತು ರಕ್ತದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಿ. ಬೀಡಿ ಸೇದಿದವರಲ್ಲಿ ಹೃದಯದ ರಕ್ತನಾಳಗಳ ಕಾಯಿಲೆ ಜೊತೆಗೇ ಇರುವುದು ಅಪರೂಪವಲ್ಲ, ರಕ್ತ ಕಡಿಮೆಯಿದ್ದರೂ ತೇಕು ಹೆಚ್ಚುತ್ತದೆ. ನಡೆಯುವಾಗ ಎದೆ ನೋವು, ತಲೆ ತಿರುಗುವುದು, ಎದೆ ಬಡಿತ ತಪ್ಪಿದಂತಾಗುವುದು ಕಂಡರೆ ಅಲ್ಲಿಯೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಜ್ವರ ಬಂದಾಗ, ಕಫ ಹೆಚ್ಚಾಗಿ ಅಥವಾ ಹಳದಿ-ಹಸಿರು ಬಣ್ಣಕ್ಕೆ ತಿರುಗಿದಾಗ, ಕುಳಿತಲ್ಲಿಯೇ ತೇಕು ಹತ್ತಿದಾಗ ಚಿಕಿತ್ಸೆ ಮೊದಲು, ನಡಿಗೆ ಆಮೇಲೆ.

ನಡೆಯುವ ರೀತಿಯ ಬಗ್ಗೆ ಹೇಳುತ್ತೇನೆ. ತುಟಿಗಳನ್ನು ಸಿಳ್ಳೆ ಹಾಕುವ ಹಾಗೆ ಕಿರಿದು ಮಾಡಿ ಉಸಿರು ಬಿಡುವುದನ್ನು ಮೊದಲು ಕುಳಿತಲ್ಲಿ ರೂಢಿ ಮಾಡಿಕೊಳ್ಳಿ. ಮೂಗಿನಿಂದ ಹಗುರವಾಗಿ ಎಳೆದುಕೊಳ್ಳಿ, ಎದೆ ತುಂಬ ಎಳೆಯುವುದು ಬೇಡ. ಕಿರಿದು ಮಾಡಿದ ತುಟಿಗಳ ನಡುವಿನಿಂದ ಎಳೆದುಕೊಂಡದ್ದಕ್ಕಿಂತ ಎರಡು ಪಟ್ಟು ಹೊತ್ತು, ಕೆನ್ನೆ ಉಬ್ಬಿಸದೆ, ಒತ್ತದೆ ಬಿಡಿ. ತುಟಿಯಲ್ಲಿನ ಈ ತಡೆಯಿಂದ ಶ್ವಾಸನಾಳಗಳೊಳಗೆ ಸಣ್ಣ ಒತ್ತಡ ಉಳಿದು ಅವು ಮಡಚಿಕೊಳ್ಳುವುದು ತಡವಾಗುತ್ತದೆ, ಉಸಿರಾಟದ ವೇಗವೂ ತಾನಾಗಿ ಇಳಿಯುತ್ತದೆ. ಕುಳಿತಲ್ಲಿ ಸಲೀಸಾದ ಮೇಲೆ ಹೆಜ್ಜೆಗೆ ಹೊಂದಿಸಿ: ಎರಡು ಹೆಜ್ಜೆಗೆ ಎಳೆದುಕೊಂಡು ನಾಲ್ಕು ಹೆಜ್ಜೆಗೆ ಬಿಡಿ. ನಾಲ್ಕು ಆಗದಿದ್ದರೆ ಮೂರು ಹೆಜ್ಜೆಯಾದರೂ ಸರಿ. ಮೆಟ್ಟಿಲ ಮೇಲೆ ನಿಂತಲ್ಲಿ ಎಳೆದುಕೊಂಡು, ಹತ್ತುವಾಗ ಬಿಡಿ. ಬಹಳ ಜನ ಇದರ ವಿರುದ್ಧ ಮಾಡುತ್ತಾರೆ, ಉಸಿರು ಬಿಗಿಹಿಡಿದು ದಡದಡನೆ ಮೇಲೇರಿ ಕೊನೆಯ ಮೆಟ್ಟಿಲಲ್ಲಿ ಒದ್ದಾಡುತ್ತಾರೆ.

ಒಂದೇ ಸಮನೆ ನಡೆಯಬೇಕೆಂಬ ಹಟ ಬೇಡ. ಒಂದೆರಡು ನಿಮಿಷ ನಡೆದು, ಒಂದು ನಿಮಿಷ ನಿಂತು ಉಸಿರು ಬಿಟ್ಟು, ಮತ್ತೆ ನಡೆಯಿರಿ. ಬಿಟ್ಟು ಬಿಟ್ಟು ನಡೆದಾಗ ಎದೆಯಲ್ಲಿ ಗಾಳಿ ಸೇರುವುದು ಕಡಿಮೆ, ಕಾಲಿಗೆ ಸಿಗುವ ಲಾಭ ಮಾತ್ರ ಹೆಚ್ಚುಕಡಿಮೆ ಅಷ್ಟೇ. ತೇಕನ್ನು ಸೊನ್ನೆಯಿಂದ ಹತ್ತರವರೆಗೆ ಮನಸ್ಸಿನಲ್ಲೇ ಅಳೆದುಕೊಂಡು ನಾಲ್ಕರಿಂದ ಆರರ ನಡುವೆ ಇಟ್ಟುಕೊಳ್ಳಿ. ಚಿಕ್ಕ ವಾಕ್ಯ ಆಡಲು ಬರುತ್ತಿರಬೇಕು, ನಿಂತ ಮೇಲೆ ಕೆಲವೇ ನಿಮಿಷಗಳಲ್ಲಿ ಮೊದಲಿನಂತಾಗಬೇಕು. ಒಟ್ಟು ಹತ್ತು ನಿಮಿಷದಿಂದ ಪ್ರಾರಂಭಿಸಿ ವಾರ ವಾರ ಹೆಚ್ಚಿಸುತ್ತ ದಿನಕ್ಕೆ ಅರ್ಧ ತಾಸಿಗೆ ತಲುಪಿದರೆ ಸಾಕು. ಇದರ ಜೊತೆ ಕುರ್ಚಿಯಿಂದ ಕೈ ಊರದೆ ಎದ್ದು ಕುಳಿತುಕೊಳ್ಳುವುದನ್ನು ಎಂಟು ಹತ್ತು ಸಲ ಮಾಡಿದರೆ ತೊಡೆಗೆ ಅದಕ್ಕಿಂತ ಒಳ್ಳೆಯ ಕಸರತ್ತು ಮನೆಯಲ್ಲಿ ಸಿಗದು. ಚಳಿಗಾಲದ ಬೆಳಗಿನ ಹೊತ್ತು ಕಸ ಸುಡುವ ಹೊಗೆ ನೆಲಮಟ್ಟದಲ್ಲಿಯೇ ನಿಂತಿರುತ್ತದೆ, ಬೇಸಿಗೆಯಲ್ಲಿ ರಸ್ತೆಯ ದೂಳು. ಅಂಥ ದಿನ ಮನೆಯ ಪಡಸಾಲೆಯಲ್ಲಿಯೇ ಅತ್ತಿಂದಿತ್ತ ನಡೆಯಿರಿ.

ನಮ್ಮ ಕಡೆಯ ಹಿರಿಯರಲ್ಲಿ ನಾನು ಗಮನಿಸಿದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಬರಿಗೈಯಲ್ಲಿ ನಡೆದಾಗ ಬೇಗ ನಿಲ್ಲುವವರು ಸೈಕಲ್ಲನ್ನು ನೂಕಿಕೊಂಡು ಹೊರಟರೆ ಹೆಚ್ಚು ದೂರ ಹೋಗುತ್ತಾರೆ. ಸೈಕಲ್ಲಿನ ಹ್ಯಾಂಡಲಿನ ಮೇಲೆ ಕೈ ಊರಿ ತುಸು ಮುಂದೆ ಬಾಗಿದಾಗ ಭುಜಗಳಿಗೆ ಆಸರೆ ಸಿಗುತ್ತದೆ, ಕತ್ತು ಮತ್ತು ಭುಜದ ಸ್ನಾಯುಗಳು ತೋಳಿನ ಭಾರ ಹೊರುವುದನ್ನು ಬಿಟ್ಟು ಪಕ್ಕೆಲುಬುಗಳನ್ನು ಎತ್ತಲು ಮುಕ್ತವಾಗುತ್ತವೆ, ವಪೆಯೂ ಸ್ವಲ್ಪ ಕಮಾನಿನ ಆಕಾರಕ್ಕೆ ಮರಳುತ್ತದೆ. ಆಸ್ಪತ್ರೆಗಳಲ್ಲಿ ಗಾಲಿಗಳಿರುವ ವಾಕರ್ ಕೊಡುವುದೂ ಇದೇ ಕಾರಣಕ್ಕೆ. ನಿಮ್ಮಲ್ಲಿ ಹಳೆಯ ಸೈಕಲ್ ಇದ್ದರೆ ಹತ್ತುವುದು ಬೇಡ, ನೂಕಿಕೊಂಡು ನಡೆಯಿರಿ. ತೇಕು ಹೆಚ್ಚಾದಾಗ ಕಟ್ಟೆಯ ಮೇಲೆ ಕುಳಿತು ಮೊಣಕಾಲಿನ ಮೇಲೆ ಮೊಣಕೈ ಊರಿ ಬಾಗುವುದೂ ಇದೇ ಉಪಾಯ.

ಸ್ನಾನದಲ್ಲಿ ಹೆಚ್ಚು ದಣಿವಾಗುವುದು ವಿಚಿತ್ರವೆಂದು ನಿಮಗೆ ತೋರಿದೆ. ಮೇಲಿನದನ್ನು ಓದಿದ ಮೇಲೆ ಅದು ವಿಚಿತ್ರವೆನಿಸದು. ತುಂಬಿದ ತಂಬಿಗೆಯನ್ನು ತಲೆಯ ಮೇಲೆತ್ತಿದಾಗ, ಬೆನ್ನು ತಿಕ್ಕುವಾಗ, ಉಸಿರಿಗೆ ನೆರವಾಗುತ್ತಿದ್ದ ಭುಜದ ಸ್ನಾಯುಗಳೇ ತೋಳನ್ನೂ ಹಿಡಿದಿಡಬೇಕಾಗುತ್ತದೆ. ಪಾದ ತೊಳೆಯಲು ಬಾಗಿದಾಗ ಹೊಟ್ಟೆ ವಪೆಯನ್ನು ಮೇಲಕ್ಕೆ ಒತ್ತುತ್ತದೆ, ಸಾಲದ್ದಕ್ಕೆ ನಾವು ಬಾಗುವಾಗ ಉಸಿರು ಬಿಗಿಹಿಡಿಯುತ್ತೇವೆ. ಬಚ್ಚಲಿನಲ್ಲಿ ಎತ್ತರದ ಸ್ಟೂಲು ಹಾಕಿಸಿಕೊಳ್ಳಿ, ತಂಬಿಗೆಗೆ ಅರ್ಧ ನೀರು ತುಂಬಿ, ಎತ್ತುವಾಗ ಉಸಿರು ಬಿಡಿ, ಒಂದು ಕಾಲನ್ನು ಇನ್ನೊಂದರ ಮೇಲಿಟ್ಟು ಪಾದ ತೊಳೆಯಿರಿ, ಬಾಗಿಲು ಕಿಟಕಿ ಪೂರ್ತಿ ಮುಚ್ಚಿ ಹಬೆ ತುಂಬಿಸಿಕೊಳ್ಳಬೇಡಿ. ನೀರು ಕಾಯಿಸಲು ಕಟ್ಟಿಗೆಯ ಒಲೆ ಇದ್ದರೆ ಆ ಹೊಗೆ ನಿಮಗೂ, ದಿನಾಲು ಅದರ ಮುಂದೆ ಕೂಡ್ರುವ ಮನೆಯ ಹೆಣ್ಣುಮಕ್ಕಳಿಗೂ ಕೇಡು. ಬೀಡಿಯನ್ನೇ ಮುಟ್ಟದ ಹೆಂಗಸರಲ್ಲಿ ನಾವು ಸಿಒಪಿಡಿ ಕಾಣುವುದು ಹೆಚ್ಚಾಗಿ ಆ ಒಲೆಯಿಂದ.

ಕಪಾಲಭಾತಿ ನಿಮಗೆ ಬೇಡ. ಅದು ಯೋಗದ ಬಗೆಗಿನ ಅಗೌರವದಿಂದ ಹೇಳುವ ಮಾತಲ್ಲ. ಹೊಟ್ಟೆಯನ್ನು ಬಲವಾಗಿ ಒಳಗೆಳೆದು ಬೇಗ ಬೇಗ ಊದುವ ಕ್ರಿಯೆಯು ನಿಮ್ಮ ಸಡಿಲ ನಾಳಗಳನ್ನು ಅಮುಕಿ ಎದೆಯಲ್ಲಿ ಗಾಳಿ ಕಟ್ಟಿಹಾಕುವ ಸಂಭವ ಹೆಚ್ಚು, ಮತ್ತು ನಿಮಗೆ ಬೇಕಾಗಿರುವುದು ಅದಕ್ಕೆ ತದ್ವಿರುದ್ಧವಾದ ನಿಧಾನದ ಉಸಿರು. ಉಸಿರು ತಡೆಹಿಡಿಯುವ ಕುಂಭಕವೂ ಬೇಡ. ಭ್ರಾಮರಿ, ಓಂಕಾರ, ಭಜನೆ ಇವುಗಳಲ್ಲಿ ಉಸಿರು ತಾನಾಗಿಯೇ ನಿಧಾನವಾಗಿ ಹೊರಹೋಗುತ್ತದೆ, ಅವುಗಳನ್ನು ಸಂತೋಷವಾಗಿ ಮಾಡಿ. ಬಲೂನು ಊದುವುದು, ಕೊರೊನಾ ಕಾಲದಲ್ಲಿ ಮನೆಮನೆಗೆ ಬಂದ ಮೂರು ಚೆಂಡಿನ ಉಪಕರಣ, ಇವು ನಡಿಗೆಗೆ ಬದಲಿಯಾಗಲಾರವು. ಚೆಂಡಿನ ಉಪಕರಣ ಮುಖ್ಯವಾಗಿ ಶಸ್ತ್ರಚಿಕಿತ್ಸೆಯ ನಂತರ ಉಸಿರು ಎಳೆದುಕೊಳ್ಳುವುದನ್ನು ರೂಢಿಸಲು ಇರುವಂಥದ್ದು, ನಿಮ್ಮ ತೊಡಕು ಇರುವುದು ಬಿಡುವುದರಲ್ಲಿ. ಹೊಟ್ಟೆಯಿಂದ ಉಸಿರಾಡಿ ಎಂಬ ಸಲಹೆಯನ್ನೂ ಕೇಳಿರಬಹುದು. ವಪೆ ಈಗಾಗಲೇ ಚಪ್ಪಟೆಯಾಗಿರುವವರಿಗೆ ಅದರಿಂದ ದಣಿವು ಹೆಚ್ಚಾಗುವುದುಂಟು, ಹಿತವೆನಿಸದಿದ್ದರೆ ಬಿಟ್ಟುಬಿಡಿ.

ಇದನ್ನು ಓದುವ ಬೇರೆಯವರಿಗೆ ಒಂದು ಎಚ್ಚರಿಕೆ. ನಾನು ಬರೆದದ್ದು ಸಿಒಪಿಡಿಗೆ ಹೊಂದುವ ಮಾತು. ಶ್ವಾಸಕೋಶ ನಾರುಗಟ್ಟಿ ಬಿಗಿಯಾಗುವ ಫೈಬ್ರೋಸಿಸ್ ಕಾಯಿಲೆಯಲ್ಲಿ ಹಿಗ್ಗುವುದೇ ಕಷ್ಟ, ಬಿಡುವುದು ಸುಲಭ. ಅಂಥವರಲ್ಲಿ ನಡೆದಾಗ ಆಮ್ಲಜನಕ ತಟ್ಟನೆ ಬಹಳ ಕೆಳಗಿಳಿಯಬಹುದು. ಅವರೂ ವ್ಯಾಯಾಮ ಮಾಡಬಹುದು, ಆದರೆ ಪ್ರಾರಂಭದಲ್ಲಿ ತಜ್ಞರ ಕಣ್ಣಮುಂದೆಯೇ ಮಾಡಬೇಕು.

ಪಂಪು ಚಟವಾಗುವುದಿಲ್ಲ. ಅದು ನಾಳಗಳ ಸುತ್ತಲಿನ ಸ್ನಾಯುವನ್ನು ಸಡಿಲಿಸಿ ಗಾಳಿ ಹೊರಹೋಗುವ ದಾರಿಯನ್ನು ಅಗಲ ಮಾಡುತ್ತದೆ. ದೀರ್ಘಕಾಲ ಕೆಲಸ ಮಾಡುವ ಪಂಪನ್ನು ವೈದ್ಯರು ಬರೆದಂತೆ ದಿನವೂ ತೆಗೆದುಕೊಳ್ಳಬೇಕು. ಸಾಲ್ಬುಟಮಾಲ್‌ನಂಥ ತಕ್ಷಣದ ಪಂಪನ್ನು ನಡಿಗೆಗೆ ಹದಿನೈದು ನಿಮಿಷ ಮೊದಲು ತೆಗೆದುಕೊಳ್ಳಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಬಹಳ ಜನರಿಗೆ ಇದರಿಂದ ಲಾಭವಾಗುತ್ತದೆ. ಎದೆ ಬಡಿತ ಹೆಚ್ಚುವುದು, ಕೈ ನಡುಗುವುದು ಕೆಲವರಲ್ಲಿ ಇರುತ್ತದೆ. ಹೃದಯದ ತೊಂದರೆ ಇದ್ದವರು ತಾವಾಗಿಯೇ ಪ್ರಮಾಣ ಹೆಚ್ಚಿಸಬಾರದು. ಪಂಪು ಎಳೆದುಕೊಳ್ಳುವ ವಿಧಾನವನ್ನು ಒಮ್ಮೆ ವೈದ್ಯರ ಎದುರಿಗೇ ಮಾಡಿ ತೋರಿಸಿ, ಔಷಧ ಬಾಯಲ್ಲಿಯೇ ಉಳಿಯುವುದು ಅತಿ ಸಾಮಾನ್ಯ ತಪ್ಪು.

ಇನ್ನು ಆಕ್ಸಿಜನ್ ಯಂತ್ರ. ಕುಳಿತಿದ್ದಾಗಲೂ ಆಮ್ಲಜನಕ 88 ಅಥವಾ ಅದಕ್ಕಿಂತ ಕೆಳಗೆ ಇರುವವರಿಗೆ ದಿನಕ್ಕೆ 15 ತಾಸಾದರೂ ಆಮ್ಲಜನಕ ಕೊಟ್ಟರೆ ಆಯುಷ್ಯ ಹೆಚ್ಚುತ್ತದೆ ಎಂಬುದು 1980-81ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳಿಂದ ತಿಳಿದಿದೆ. ಕುಳಿತಾಗ ತುಸುವೇ ಕಡಿಮೆ ಇರುವ, ಅಥವಾ ನಡೆದಾಗ ಮಾತ್ರ ಇಳಿಯುವ 738 ಜನರನ್ನು ಅಮೆರಿಕದಲ್ಲಿ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಮನೆಯಲ್ಲಿ ಆಮ್ಲಜನಕ ಕೊಟ್ಟದ್ದರಿಂದ ಆಯುಷ್ಯವಾಗಲಿ, ಆಸ್ಪತ್ರೆಗೆ ಸೇರುವುದಾಗಲಿ ಬದಲಾಗಲಿಲ್ಲ. ನಿಮ್ಮ ಅಂಕಿಗಳು ಈ ಎರಡನೆಯ ಗುಂಪಿಗೆ ಹತ್ತಿರ. ಯಂತ್ರದಿಂದ ಅಪಾಯಗಳೂ ಇವೆ. ದೀರ್ಘಕಾಲದ ಸಿಒಪಿಡಿ ಇರುವ ಕೆಲವರಲ್ಲಿ ಅಳತೆ ಮೀರಿದ ಆಮ್ಲಜನಕದಿಂದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಕವಿಯಬಹುದು, ಹತ್ತಿರ ಒಲೆ, ದೀಪ, ಊದಿನಕಡ್ಡಿ ಇದ್ದರೆ ಬೆಂಕಿಯ ಭಯ. ಎಲ್ಲಕ್ಕಿಂತ ಹೆಚ್ಚಾಗಿ, ಮನೆಗೆ ಯಂತ್ರ ಬಂದ ದಿನದಿಂದ ಅದರ ಕೊಳವೆಯ ಉದ್ದಕ್ಕೆ ತಮ್ಮ ಓಡಾಟವನ್ನು ಕುಗ್ಗಿಸಿಕೊಂಡವರನ್ನು ನಾನು ಕಂಡಿದ್ದೇನೆ.

ಆದ್ದರಿಂದ ಯಂತ್ರಕ್ಕೆ ಹಣ ಕೊಡುವ ಮೊದಲು ಆರು ನಿಮಿಷದ ನಡಿಗೆ ಪರೀಕ್ಷೆ ಮಾಡಿಸಿ. 30 ಮೀಟರು ಉದ್ದದ ಸಮತಟ್ಟಾದ ಓಣಿಯಲ್ಲಿ ನಿಮ್ಮದೇ ವೇಗದಲ್ಲಿ ನಡೆಸಿ, ಕ್ರಮಿಸಿದ ದೂರ, ಆಮ್ಲಜನಕ ಇಳಿದ ಮಟ್ಟ ಮತ್ತು ತೇಕಿನ ಅಳತೆಯನ್ನು ಬರೆದುಕೊಳ್ಳುತ್ತಾರೆ. ಗದಗಿನ ಜಿಮ್ಸ್, ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ) ಅಥವಾ ಧಾರವಾಡದ ಎಸ್‌ಡಿಎಂ ಆಸ್ಪತ್ರೆಯ ಎದೆರೋಗ ಮತ್ತು ಫಿಜಿಯೋಥೆರಪಿ ವಿಭಾಗಗಳಲ್ಲಿ ಇದರ ಬಗ್ಗೆ ವಿಚಾರಿಸಿ. 88ಕ್ಕಿಂತ ಕೆಳಗೆ ಇಳಿದು ಅಲ್ಲಿಯೇ ನಿಂತರೆ, ಆಮ್ಲಜನಕ ಹಚ್ಚಿಕೊಂಡು ಇನ್ನೊಮ್ಮೆ ನಡೆಸಿ ನೋಡಿ, ಹೆಚ್ಚು ದೂರ ಹೋಗಲು ಸಾಧ್ಯವಾದರೆ ಮಾತ್ರ ನಡಿಗೆಯ ಹೊತ್ತಿಗೆ ಅದನ್ನು ಕೊಡುವ ವಿಚಾರ ಮಾಡುತ್ತಾರೆ. ಹೋಗುವಾಗ ನಿಮ್ಮ ಬೆರಳಿನ ಮೀಟರನ್ನೂ ಒಯ್ದು ಅವರದರ ಜೊತೆ ಹೋಲಿಸಿಕೊಳ್ಳಿ. ಬೆರಳು ತಣ್ಣಗಿದ್ದರೆ, ನಡೆಯುತ್ತಲೇ ಕೈ ಅಲುಗಾಡಿಸಿ ನೋಡಿದರೆ ಅಂಕಿ ತಪ್ಪು ಬರುತ್ತದೆ. ನಿಂತು, ಕೈಯನ್ನು ಎದೆಯ ಮಟ್ಟದಲ್ಲಿ ಹಿಡಿದು, ಅಂಕಿ ಸ್ಥಿರವಾಗುವವರೆಗೆ ಕಾಯಬೇಕು. ಪಂಪು, ಹಳೆಯ ವರದಿಗಳು, ಮತ್ತು ದಿನಾಲು ಎಷ್ಟು ಹೊತ್ತು ನಡೆದಿರಿ, ಎಲ್ಲಿ ನಿಂತಿರಿ ಎಂದು ಬರೆದಿಟ್ಟ ಒಂದು ಚಿಕ್ಕ ಪುಸ್ತಕ ಜೊತೆಗಿರಲಿ.